ಕುಕ್ಕರ್ ಇದೆ ಅಂತ ಬರೆದಿದ್ದರು

ಹೋದ ವಾರ ಅಕ್ಕನ ಮಗಳು ವಾಟ್ಸಾಪ್‌ನಲ್ಲಿ ಒಂದು ಪಿಡಿಎಫ್ ಕಳಿಸಿದಳು. ಇಂಗ್ಲೆಂಡಿನಲ್ಲಿ ಎಂ.ಎಸ್ಸಿ.ಗೆ ಸೀಟು ಸಿಕ್ಕಿದೆ, ಉಳಿದುಕೊಳ್ಳುವ ಜಾಗದ ಕರಾರು ಬಂದಿದೆ, ಸಹಿ ಹಾಕುವ ಮುಂಚೆ ನಾನೊಮ್ಮೆ ನೋಡಬೇಕಂತೆ. ಒಟ್ಟು ಇಪ್ಪತ್ತೆಂಟು ಪುಟ. ಕೆಳಗೆ ಒಂದು ಸಾಲು: "ಚಿಕ್ಕಿ, ಕಷ್ಟದ ಪದಗಳಿಗೆಲ್ಲ ಅರ್ಥ ನೋಡ್ಕೊಂಡಿದ್ದೀನಿ. ಸುಮ್ನೆ ಒಂದ್ಸಲ ಕಣ್ಣಾಡ್ಸು."

ಹುಡುಗಿ ಜಾಣೆ. ಇಂಡೆಮ್ನಿಟಿ, ಗ್ಯಾರಂಟರ್, ಆನ್‌ಸ್ವೀಟ್ ಅಂತ ಕಂಡಲ್ಲೆಲ್ಲ ಹಳದಿ ಬಳಿದು, ಪಕ್ಕದಲ್ಲಿ ಕನ್ನಡದಲ್ಲೇ ಅರ್ಥ ಬರೆದಿದ್ದಳು. ಎಲ್ಲ ಸರಿಯಾಗಿತ್ತು. ನನಗೆ ದಿಗಿಲಾದದ್ದು ಅವಳು ಹಳದಿ ಬಳಿಯದೆ ಬಿಟ್ಟ ಪದಗಳನ್ನು ನೋಡಿ. ಹಾಲ್, ಪಿಜಿ, ಕುಕ್ಕರ್, ಶೇರ್ಡ್, ಡೆಪಾಸಿಟ್. ಇವೆಲ್ಲ ಗೊತ್ತಿರುವ ಪದಗಳೇ ಅಲ್ವಾ? ಇದಕ್ಕೆಲ್ಲ ಡಿಕ್ಷನರಿ ಯಾರು ತೆಗೆಯುತ್ತಾರೆ?

ನಾನೂ ತೆಗೆದಿರಲಿಲ್ಲ. ನಾನು ಪಿಎಚ್‌.ಡಿ. ಮಾಡಲು ಇಂಗ್ಲೆಂಡಿನ ಲೀಡ್ಸ್‌ಗೆ ಹೋದದ್ದು 2015ರ ಸೆಪ್ಟೆಂಬರ್‌ನಲ್ಲಿ. ಉಣ್ಣೆ ವ್ಯಾಪಾರದಿಂದ ಬೆಳೆದ ಊರು ಅದು. ನನ್ನ ವಿಷಯವೂ ಬಟ್ಟೆಗೆ ಹಾಕುವ ಬಣ್ಣಗಳ ರಸಾಯನಶಾಸ್ತ್ರ. ಓದಿನ ವಿಷಯದಲ್ಲಿ ಇಂಗ್ಲಿಷ್ ನನಗೆ ಒಂದು ದಿನವೂ ಕೈಕೊಡಲಿಲ್ಲ. ಕೈಕೊಟ್ಟಿದ್ದೆಲ್ಲ ಮನೆಯ ಇಂಗ್ಲಿಷ್. ಅದನ್ನು ನಾವು ಎಂದೋ ಮನೆಯೊಳಗೆ ಬಿಟ್ಟುಕೊಂಡು, ನಮಗೆ ಬೇಕಾದ ಹಾಗೆ ಪಳಗಿಸಿಕೊಂಡು, ಅದು ಇಂಗ್ಲಿಷ್ ಅನ್ನುವುದನ್ನೇ ಮರೆತಿರುತ್ತೇವೆ.

ಮೊದಲು ಹಾಲ್ ವಿಷಯವನ್ನೇ ತೆಗೆದುಕೊಳ್ಳಿ. ಅರಸೀಕೆರೆಯ ನಮ್ಮ ಮನೆಯಲ್ಲಿ ಹಾಲ್ ಅಂದರೆ ಟಿವಿ, ದಿವಾನ, ಅಪ್ಪನ ಪೇಪರು ಇರುವ ಜಾಗ. ನೆಂಟರು ಜಾಸ್ತಿ ಬಂದಾಗ ಚಾಪೆ ಹಾಸುವುದೂ ಅಲ್ಲೇ. "ಹಾಲ್ಸ್‌ನಲ್ಲಿ ಜಾಗ ಸಿಕ್ತು" ಅಂತ ನಾನು ಖುಷಿಯಿಂದ ಹೇಳಿದಾಗ ಅಮ್ಮನ ಮುಖ ಸಣ್ಣಗಾಯಿತು. "ಅಷ್ಟು ದುಡ್ಡು ತಗೊಂಡು ಹಾಲ್‌ನಲ್ಲಿ ಮಲಗಿಸ್ತಾರಾ? ಒಂದು ರೂಮ್ ಕೊಡಕ್ಕೆ ಏನಂತೆ ಅವರಿಗೆ?" ಹಾಲ್ಸ್ ಅಂದರೆ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ವಸತಿ ಅಂತ ನಾನು ಬಿಡಿಸಿ ಹೇಳಿದೆ. ಆದರೂ ಪಕ್ಕದ ಮನೆಯವರಿಗೆ ಅಮ್ಮ ಒಂದು ವರ್ಷ ಪೂರ್ತಿ "ರೂಮ್ ಮಾಡ್ಕೊಂಡಿದ್ದಾಳೆ" ಅಂತಲೇ ಹೇಳುತ್ತಿದ್ದರು. ಹಾಲ್ ಅನ್ನುವ ಮಾತನ್ನೇ ಎತ್ತುತ್ತಿರಲಿಲ್ಲ.

ಆ ಅರ್ಥದ ಹಾಲ್ ಅನ್ನುವ ಮಾತು ತುಂಬ ಹಳೆಯದು. ಆಕ್ಸ್‌ಫರ್ಡ್‌ನಲ್ಲಿ ಕಾಲೇಜುಗಳು ಬಲಿಯುವುದಕ್ಕೆ ಮುಂಚೆ, ಒಬ್ಬ ಮೇಷ್ಟ್ರು ಒಂದು ಮನೆ ಹಿಡಿದು ಹುಡುಗರನ್ನು ಇಟ್ಟುಕೊಂಡು ಪಾಠ ಹೇಳುವ ಪದ್ಧತಿ ಇತ್ತು. ಆ ಮನೆಗೆ ಹಾಲ್ ಅನ್ನುತ್ತಿದ್ದರು. ಅವುಗಳಲ್ಲಿ ಸೇಂಟ್ ಎಡ್ಮಂಡ್ ಹಾಲ್ ಒಂದೇ ಇವತ್ತಿಗೂ ಹೆಸರು ಉಳಿಸಿಕೊಂಡು ಕಾಲೇಜಾಗಿದೆ. ಹಾಗಾಗಿ ಅಲ್ಲಿನವರಿಗೆ ಹಾಲ್ ಅಂದ ಕೂಡಲೇ ವಿದ್ಯಾರ್ಥಿಗಳ ವಸತಿ ನೆನಪಾಗುತ್ತದೆ, ನಮಗೆ ದಿವಾನ.

ಸರಳವಾಗಿ ಹಾಸ್ಟೆಲ್ ಅಂದುಬಿಡಬಹುದಿತ್ತಲ್ಲ ಅನ್ನಿಸಬಹುದು. ನಾನು ಅಂದೂ ನೋಡಿದೆ. ಮೊದಲನೇ ವಾರ ವಿಭಾಗದ ಆಫೀಸಿನಲ್ಲಿ ಒಬ್ಬ ಹೆಂಗಸು "ಎಲ್ಲಿ ಉಳ್ಕೊಂಡಿದ್ದೀಯಮ್ಮ?" ಅನ್ನುವ ಧಾಟಿಯಲ್ಲಿ ಕೇಳಿದರು. "ಹಾಸ್ಟೆಲ್‌ನಲ್ಲಿ" ಅಂದೆ. ಆಕೆ ಪೆನ್ನು ಕೆಳಗಿಟ್ಟು, ದನಿ ತಗ್ಗಿಸಿ, ಎಲ್ಲ ಸರಿ ಇದೆಯಾ ಅಂತ ವಿಚಾರಿಸಿ, ಕಷ್ಟದಲ್ಲಿರುವ ವಿದ್ಯಾರ್ಥಿಗಳಿಗೆ ನೆರವಾಗುವ ವಿಭಾಗದ ಒಂದು ಕರಪತ್ರ ಕೈಗಿಟ್ಟರು. ಅಲ್ಲಿ ಹಾಸ್ಟೆಲ್ ಅಂದರೆ ಬೆನ್ನಿಗೆ ಬ್ಯಾಗು ಹಾಕಿಕೊಂಡು ಊರು ಸುತ್ತುವವರು ರಾತ್ರಿ ಮಲಗುವ ಜಾಗ. ಇಲ್ಲವೇ ಮನೆ ಕಳೆದುಕೊಂಡವರಿಗೆ ಕೊಡುವ ಆಸರೆ. ನಾನು ಎರಡನೆಯ ಲೆಕ್ಕಕ್ಕೆ ಸೇರಿಬಿಟ್ಟಿದ್ದೆ. ಇನ್ನು ವಾರ್ಡನ್ ಅಂದರೆ ನನಗೆ ಹಾಸನದ ಹಾಸ್ಟೆಲಿನಲ್ಲಿ ಎಂಟು ಗಂಟೆಗೆ ಗೇಟು ಹಾಕುತ್ತಿದ್ದ ಮೇಡಂ. ಆಕ್ಸ್‌ಫರ್ಡ್‌ನ ಮರ್ಟನ್, ವಾಡಮ್, ಆಲ್ ಸೋಲ್ಸ್ ಕಾಲೇಜುಗಳಲ್ಲಿ ಮುಖ್ಯಸ್ಥರನ್ನೇ ವಾರ್ಡನ್ ಅನ್ನುತ್ತಾರೆ. ನಮ್ಮ ಮೇಡಂಗೆ ಇದು ಗೊತ್ತಾಗಿದ್ದರೆ ಗೇಟು ಏಳಕ್ಕೇ ಹಾಕುತ್ತಿದ್ದರೇನೋ.

ಪಿಜಿ ಕಥೆ ಇನ್ನೂ ಚೆನ್ನಾಗಿದೆ. ಲೀಡ್ಸ್‌ಗೆ ಹೋಗುವ ಮುಂಚೆ ಬೆಂಗಳೂರಿನ ವಿಜಯನಗರದಲ್ಲಿ ಮೂರು ವರ್ಷ ಪಿಜಿಯಲ್ಲಿದ್ದೆ. ಟ್ರಿಪಲ್ ಶೇರಿಂಗ್, ಬೆಳಗ್ಗೆ ಚಿತ್ರಾನ್ನ, ರಾತ್ರಿ ಅನ್ನ ಸಾರು, ಭಾನುವಾರ ಮಧ್ಯಾಹ್ನ ಮಾತ್ರ ಸ್ಪೆಷಲ್. ವಿಶ್ವವಿದ್ಯಾಲಯದ ಅರ್ಜಿಯಲ್ಲಿ "ಪಿಜಿ ಅಕಾಮಡೇಷನ್" ಅಂತ ಒಂದು ಆಯ್ಕೆ ಇತ್ತು. ಅಯ್ಯೋ, ಅಲ್ಲೂ ಆಂಟಿ ಇದ್ದಾರಲ್ಲ ಅಂತ ಟಿಕ್ ಹಾಕಿದೆ. ಅದು ಪೋಸ್ಟ್ ಗ್ರಾಜುಯೇಟ್ ಪಿಜಿ. ಪೇಯಿಂಗ್ ಗೆಸ್ಟ್ ಅನ್ನುವ ಮಾತು ಇಂಗ್ಲಿಷಿನವರದ್ದೇ. ಆದರೆ ಈಗ ಅಲ್ಲಿ ಮಾಲೀಕರ ಮನೆಯೊಳಗೇ ಒಂದು ರೂಮಿನಲ್ಲಿರುವವರನ್ನು ಲಾಡ್ಜರ್ ಅನ್ನುತ್ತಾರೆ. ನಮ್ಮ ಬಸ್‌ಸ್ಟ್ಯಾಂಡಿನ ಎದುರಿಗಿರುವ "ಬೋರ್ಡಿಂಗ್ ಅಂಡ್ ಲಾಡ್ಜಿಂಗ್" ಬೋರ್ಡುಗಳು ಆ ಹಳೆಯ ಇಂಗ್ಲಿಷನ್ನು ಇನ್ನೂ ಕಾಪಾಡಿಕೊಂಡು ಬಂದಿವೆ. ಬೋರ್ಡ್ ಅಂದರೆ ಊಟ, ಊಟ ಇಡುವ ಹಲಗೆಯಿಂದ ಬಂದ ಮಾತು. ನಮ್ಮ ಪಿಜಿಗಳಲ್ಲೋ ಗೆಸ್ಟೂ ಇಲ್ಲ, ಕರೆದವರೂ ಇಲ್ಲ. ಪೇಯಿಂಗ್ ಒಂದೇ ನಿಜ.

ನನಗೆ ಸಿಕ್ಕಿದ್ದು ಸೆಲ್ಫ್ ಕೇಟರ್ಡ್ ಹಾಲ್. ಅಂದರೆ ನಿನ್ನ ಊಟ ನೀನೇ ನೋಡಿಕೋ. ಕೇಟರ್ಡ್ ಅಂದರೆ ಊಟ ಅವರದ್ದು, ದುಡ್ಡು ಜಾಸ್ತಿ. ಇದನ್ನು ಅಪ್ಪನಿಗೆ ಹೇಳಿದಾಗ ಅವರು ತಾತನ ಕಾಲದ ವಾರಾನ್ನ ನೆನೆಸಿಕೊಂಡರು. ತಾತ ಮೈಸೂರಿನಲ್ಲಿ ಓದುವಾಗ ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ ಅಂತ ಏಳು ದಿನಕ್ಕೆ ಏಳು ಮನೆ ಊಟ ಹೊಂದಿಸಿಕೊಂಡಿದ್ದರಂತೆ. ಗುರುವಾರದ ಮನೆಯವರು ಊರಿಗೆ ಹೋದರೆ ಗುರುವಾರ ಉಪವಾಸ. ಇದಕ್ಕೆ ಇಂಗ್ಲಿಷಿನಲ್ಲಿ ಏನನ್ನಬೇಕೋ ನನಗೆ ತಿಳಿಯದು. ಕೇಟರ್ಡ್ ಅಂತೂ ಅಲ್ಲ.

ಸೆಲ್ಫ್ ಕೇಟರ್ಡ್ ಅಂತ ಗೊತ್ತಾದ ಮೇಲೆ ಅಮ್ಮ ಮೂರು ಲೀಟರಿನ ಕುಕ್ಕರ್ ತಂದು ಸೂಟ್‌ಕೇಸಿನ ನಡುಮಧ್ಯೆ ಕೂರಿಸಿದರು. ನಾನು ಹಾಲ್‌ನವರು ಕಳಿಸಿದ ಪಟ್ಟಿ ತೋರಿಸಿದೆ. ಅಡುಗೆಮನೆಯಲ್ಲಿ ಇರುವ ಸಾಮಾನು: ಫ್ರಿಜ್, ಫ್ರೀಜರ್, ಕುಕ್ಕರ್, ಕೆಟಲ್, ಟೋಸ್ಟರ್, ಮೈಕ್ರೋವೇವ್. "ನೋಡಮ್ಮ, ಕುಕ್ಕರ್ ಇದೆ ಅಂತ ಬರೆದಿದ್ದಾರೆ." ಅಮ್ಮನಿಗೂ ಆಶ್ಚರ್ಯ. "ಪರವಾಗಿಲ್ವೇ, ಒಳ್ಳೇ ಜನ." ಕುಕ್ಕರ್ ಹೊರಗೆ ಬಂತು. ಆ ಜಾಗದಲ್ಲಿ ಒಂದೂವರೆ ಕೆಜಿ ಸಾರಿನಪುಡಿ, ಚಟ್ನಿಪುಡಿ, ಒಂದು ಡಜನ್ ಕೊಬ್ಬರಿ ಗಿಟುಕು ಸೇರಿದವು.

ಲೀಡ್ಸ್‌ಗೆ ಇಳಿದ ಮೂರನೇ ದಿನ ಸಂಜೆ ಅಡುಗೆಮನೆಯ ಎಲ್ಲ ಬೀರುಗಳನ್ನೂ ತೆಗೆದು ಹಾಕಿ ನೋಡಿದೆ. ಕುಕ್ಕರ್ ಇಲ್ಲ. ಯಾರಾದರೂ ರೂಮಿಗೆ ಒಯ್ದಿರಬಹುದು ಅಂದುಕೊಂಡು, ಟೀ ಮಾಡಿಕೊಳ್ಳಲು ಬಂದ ಗ್ರೀಸ್ ದೇಶದ ಹುಡುಗಿಯನ್ನು "ಕುಕ್ಕರ್ ಎಲ್ಲಿದೆ?" ಅಂತ ಕೇಳಿದೆ. ಅವಳು ನನ್ನನ್ನೊಮ್ಮೆ ನೋಡಿದಳು. ಆಮೇಲೆ ನಾನು ಬೆನ್ನು ಮಾಡಿ ನಿಂತಿದ್ದ ಒಲೆಯ ಕಡೆ ಮೆಲ್ಲಗೆ ಕೈ ತೋರಿಸಿ, ಗುಂಡಿ ತಿರುಗಿಸಿ, "ಹೀಗೆ ಹಚ್ಚೋದು" ಅಂತ ತೋರಿಸಿಕೊಟ್ಟಳು. ಬಲು ಮೃದುವಾಗಿ. ಒಲೆಯನ್ನೇ ನೋಡಿರದ ಕಾಡಿನಿಂದ ಯಾರೋ ಬಂದಿದ್ದಾರೆ, ನೋಯಿಸಬಾರದು ಅನ್ನುವ ಹಾಗೆ. ಕೆಳಗೆ ಓವನ್, ಮೇಲೆ ನಾಲ್ಕು ಒಲೆ, ಒಟ್ಟಿಗೆ ಸೇರಿದರೆ ಅದು ಕುಕ್ಕರ್. ಮೇಲಿನ ಒಲೆಯ ಭಾಗಕ್ಕಷ್ಟೇ ಹಾಬ್ ಅನ್ನಬೇಕು. ನಮ್ಮದಕ್ಕೆ ಪ್ರೆಷರ್ ಕುಕ್ಕರ್ ಅಂತ ಪೂರ್ತಿ ಹೆಸರು ಹಿಡಿದೇ ಕರೆಯಬೇಕು.

ಅವತ್ತು ತೊಗರಿಬೇಳೆಯನ್ನು ಬರೀ ಪಾತ್ರೆಯಲ್ಲಿ ಬೇಯಿಸಿದೆ. ಒಂದೂವರೆ ಗಂಟೆ. ಸೌಟಿನಲ್ಲಿ ಒತ್ತಿದರೆ ಇನ್ನೂ ಕಾಳು ಕಾಳು. ಹಸಿವು ಕೆಟ್ಟದ್ದು, ಇದ್ದದ್ದರಲ್ಲೇ ಸಾರು ಮಾಡಿಬಿಡೋಣ ಅಂತ ಒಗ್ಗರಣೆಗೆ ಎಣ್ಣೆ ಇಟ್ಟೆ. ಸಾಸಿವೆ, ಇಂಗು, ಮೂರು ಬ್ಯಾಡಗಿ ಮೆಣಸಿನಕಾಯಿ. ಅಲ್ಲಿಯ ಒಲೆ ಆರಿಸಿದರೂ ಆರುವುದಿಲ್ಲ, ಕಾವು ಉಳಿಯುತ್ತದೆ ಅನ್ನುವುದು ನನಗೆ ಗೊತ್ತಿರಲಿಲ್ಲ. ಮೆಣಸಿನಕಾಯಿ ಕಪ್ಪಾಗಿ ಘಾಟು ಎದ್ದಿತು. ಕೆಮ್ಮುತ್ತಾ ಹೋಗಿ ಅಡುಗೆಮನೆ ಬಾಗಿಲು ತೆಗೆದು, ಅದು ಮತ್ತೆ ತಾನೇ ಮುಚ್ಚಿಕೊಳ್ಳದಂತೆ ಕುರ್ಚಿ ಅಡ್ಡ ಇಟ್ಟೆ. ಬಾಗಿಲ ಮೇಲೆ "ಫೈರ್ ಡೋರ್, ಕೀಪ್ ಶಟ್" ಅಂತ ನೀಲಿ ಬಿಲ್ಲೆ ಅಂಟಿಸಿತ್ತು. ಬೆಂಕಿ ಬಿದ್ದಾಗ ಮುಚ್ಚಬೇಕೇನೋ ಅಂದುಕೊಂಡಿದ್ದೆ.

ಅಡುಗೆಮನೆಯಲ್ಲಿದ್ದದ್ದು ಕಾವು ಏರಿದರೆ ಕೂಗುವ ಸಾಧನ. ಹೊಗೆಗೆ ಕೂಗುವುದು ಹೊರಗೆ, ಕಾರಿಡಾರಿನಲ್ಲಿ. ನಾನು ಬಾಗಿಲು ತೆಗೆದು ಘಾಟನ್ನು ಸೀದಾ ಅದರ ಬಾಯಿಗೇ ಕಳಿಸಿದ್ದೆ. ಆರು ಮಹಡಿಯೂ ಕೂಗತೊಡಗಿತು. ತಲೆಗೆ ಟವೆಲ್ ಸುತ್ತಿದವರು, ನೈಟ್ ಡ್ರೆಸ್ಸಿನವರು, ಒಂದು ಕೈಯಲ್ಲಿ ನೂಡಲ್ಸ್ ಬಟ್ಟಲು ಹಿಡಿದವರು ಎಲ್ಲ ಇಳಿದು ಬಂದು "ಅಸೆಂಬ್ಲಿ ಪಾಯಿಂಟ್" ಅನ್ನುವ ಹಸಿರು ಬೋರ್ಡಿನ ಕೆಳಗೆ ನಡುಗುತ್ತಾ ನಿಂತರು. ನನಗೆ ಅಸೆಂಬ್ಲಿ ಅಂದರೆ ಸ್ಕೂಲಿನ ಪ್ರೇಯರ್. ಇಲ್ಲೂ ನಾನು ಮನಸ್ಸಿನಲ್ಲಿ ಅದನ್ನೇ ಮಾಡುತ್ತಿದ್ದೆ.

ಸೆಕ್ಯುರಿಟಿಯವನು ಪುಸ್ತಕ ತೆಗೆದು "ಏನು ಸುಡ್ತಿದ್ದೆ?" ಅಂತ ಕೇಳಿದ. ಏನಂತ ಹೇಳೋದು? ಒಗ್ಗರಣೆಗೆ ಇಂಗ್ಲಿಷಿನಲ್ಲಿ ಟೆಂಪರಿಂಗ್ ಅಂತ ಅಡುಗೆ ಪುಸ್ತಕದವರು ಬರೆಯುತ್ತಾರೆ. ಹಾಗೇ ಹೇಳಿದೆ. ಅವನಿಗೆ ಟೆಂಪರಿಂಗ್ ಅಂದರೆ ಉಕ್ಕಿಗೆ ಮಾಡುವುದು, ಹೆಚ್ಚೆಂದರೆ ಚಾಕೊಲೇಟಿಗೆ. ಘಾಟು ಅನ್ನುವುದಕ್ಕಂತೂ ಪದವೇ ಸಿಗಲಿಲ್ಲ. ಹೊಗೆ ಅಲ್ಲ, ವಾಸನೆ ಅಲ್ಲ, ಖಾರವೂ ಅಲ್ಲ. ನಾನು ಕೈಬಾಯಿ ಆಡಿಸುತ್ತಾ ವಿವರಿಸುವುದನ್ನು ಸ್ವಲ್ಪ ಹೊತ್ತು ಕೇಳಿ, ಅವನು "ಬರ್ನ್ಟ್ ಟೋಸ್ಟ್" ಅಂತ ಬರೆದುಕೊಂಡು ಹೋದ. ಇವತ್ತಿಗೂ ಆ ಪುಸ್ತಕದಲ್ಲಿ ನನ್ನ ಬ್ಯಾಡಗಿ ಒಗ್ಗರಣೆ ಸುಟ್ಟ ಬ್ರೆಡ್ಡಾಗಿ ಕೂತಿರಬೇಕು.

ಒಂದು ವರ್ಷ ಹಾಲ್‌ನಲ್ಲಿದ್ದು, 2016ರ ಜುಲೈನಲ್ಲಿ ನಾವು ಐದು ಜನ ಹುಡುಗಿಯರು ಹೈಡ್ ಪಾರ್ಕ್ ಅನ್ನುವ ಕಡೆ ಮನೆ ಹಿಡಿದೆವು. ಲಂಡನ್ನಿನದಲ್ಲ, ಲೀಡ್ಸ್‌ನ ಹೈಡ್ ಪಾರ್ಕ್. ಸಾಲು ಸಾಲು ಕೆಂಪು ಇಟ್ಟಿಗೆಯ ಮನೆ, ಎಲ್ಲಿ ನೋಡಿದರೂ ವಿದ್ಯಾರ್ಥಿಗಳು. ಅಲ್ಲಿ ಜುಲೈಗೆ ಬೇಕಾದ ಮನೆಯನ್ನು ಹಿಂದಿನ ನವೆಂಬರಿನಲ್ಲೇ ಹುಡುಕಲು ಶುರು ಮಾಡುತ್ತಾರೆ. ಜಾಹೀರಾತಿನಲ್ಲಿ "ಟೆರೇಸ್ಡ್ ಹೌಸ್, ಫೈವ್ ಶೇರರ್ಸ್" ಅಂತಿತ್ತು. ನಾನು ಓದಿಕೊಂಡದ್ದು ಹೀಗೆ: ತಾರಸಿ ಮನೆ, ಒಂದು ರೂಮಿಗೆ ಐದು ಮಂಚ. ವಿಜಯನಗರದ ಟ್ರಿಪಲ್ ಶೇರಿಂಗ್ ತಲೆಯಲ್ಲಿ ಕೂತಿತ್ತಲ್ಲ. ಇಂಗ್ಲೆಂಡಿನಲ್ಲಿ ಶೇರಿಂಗ್ ಅಂದರೆ ಅಡುಗೆಮನೆ, ಬಚ್ಚಲು, ಬಿಲ್ಲು ಹಂಚಿಕೊಳ್ಳುವುದು. ಮಲಗುವ ರೂಮು ಒಬ್ಬೊಬ್ಬರಿಗೆ ಒಂದು.

ಟೆರೇಸ್ ಅಂದರೆ ನಮಗೆ ಮನೆಯ ಮೇಲಿನ ಬಯಲು. ಹಪ್ಪಳ ಒಣಗಿಸುವ, ಪರೀಕ್ಷೆಗೆ ಓದುವ ಜಾಗ. ಅವರಿಗೆ ಟೆರೇಸ್ ಅಂದರೆ ಗೋಡೆಗೆ ಗೋಡೆ ಅಂಟಿಸಿ ಕಟ್ಟಿದ ಮನೆಗಳ ಸಾಲು. ಲೀಡ್ಸ್‌ನಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಹಿಂದಿನ ಗೋಡೆಯನ್ನೂ ಅಂಟಿಸಿದ್ದಾರೆ. ಅದಕ್ಕೆ ಬ್ಯಾಕ್ ಟು ಬ್ಯಾಕ್ ಅಂತ ಹೆಸರು. ಮೂರು ಕಡೆಯೂ ಬೇರೆಯವರ ಮನೆ, ಕಿಟಕಿ ಇರುವುದು ಮುಂದೆ ಮಾತ್ರ. ಗಾಳಿಯಾಡುವುದಿಲ್ಲ ಅಂತ 1909ರ ಕಾಯ್ದೆ ಇಂಥ ಮನೆಗಳನ್ನು ನಿಲ್ಲಿಸಿತು. ಆದರೆ ಮುಂಚೆಯೇ ಒಪ್ಪಿಗೆ ಸಿಕ್ಕ ನಕ್ಷೆಗಳಿವೆ ಅಂತ ಲೀಡ್ಸ್‌ನವರು 1937ರವರೆಗೂ ಕಟ್ಟುತ್ತಲೇ ಹೋದರು. ನಮ್ಮ ಬಿಡಿಎ ನೆನಪಾಗಿ ನಗು ಬಂತು. ಹಿತ್ತಿಲು ಇಲ್ಲದ್ದರಿಂದ ಆ ಬೀದಿಗಳಲ್ಲಿ ಈ ಕಡೆ ಮನೆಯಿಂದ ಆ ಕಡೆ ಮನೆಗೆ ಹಗ್ಗ ಕಟ್ಟಿ ಬಟ್ಟೆ ಒಣಗಿಸುತ್ತಾರೆ. ರಸ್ತೆ ಮೇಲೆ ಬೆಡ್‌ಶೀಟುಗಳು ಪತಾಕೆಯ ಹಾಗೆ ಹಾರಾಡುತ್ತಿದ್ದದ್ದು ನೋಡಿ ಮೊದಲ ಬಾರಿಗೆ ಆ ಊರು ನನಗೆ ಹಿಡಿಸಿತು.

ನನಗೆ ಬಂದದ್ದು ಅಟಿಕ್ ರೂಮ್. ಅದೇನು ಅಂತ ಅಮ್ಮ ಕೇಳಿದರು. "ಅಟ್ಟ" ಅಂದೆ. ಅರಸೀಕೆರೆಯವರಿಗೆ ಅಟ್ಟ ಅಂದರೆ ಒಂದೇ, ಕೊಬ್ಬರಿ. ಕಾಯಿ ಮೇಲೇರಿಸಿ ಸುಮಾರು ಒಂದು ವರ್ಷ ಹಾಗೇ ಬಿಟ್ಟರೆ ನೀರು ಇಂಗಿ ಒಳಗೆ ಗಿಟುಕು ಕಳಚಿಕೊಂಡು ಲೊಡಲೊಡ ಅನ್ನುತ್ತದೆ. "ಮನುಷ್ಯರನ್ನೂ ಅಟ್ಟದ ಮೇಲೆ ಹಾಕ್ತಾರಾ?" ಅಂದರು ಅಮ್ಮ. ಹಾಕುತ್ತಾರೆ. ಮೂರು ವರ್ಷ ಅಲ್ಲಿದ್ದೆ. ಥೀಸಿಸ್ ಮುಗಿಯುವ ಹೊತ್ತಿಗೆ ಅಲ್ಲಾಡಿಸಿದರೆ ನಾನೂ ಲೊಡಲೊಡ ಅನ್ನುತ್ತಿದ್ದೆ.

ಬಾಡಿಗೆ 80 ಪಿ.ಪಿ.ಪಿ.ಡಬ್ಲ್ಯೂ. ಅಂದರೆ ಒಬ್ಬರಿಗೆ ವಾರಕ್ಕೆ 80 ಪೌಂಡ್. ನಮಗೆ ಬಾಡಿಗೆ ಅಂದರೆ ತಿಂಗಳ ಲೆಕ್ಕ. ತಿಂಗಳಿಗೆ ನಾಲ್ಕು ವಾರ, 320 ಅಂತ ಡೈರಿಯಲ್ಲಿ ಬರೆದಿಟ್ಟೆ. ಮೊದಲ ತಿಂಗಳು ಬ್ಯಾಂಕಿನಿಂದ ಹೋದದ್ದು 346 ಪೌಂಡ್ 67 ಪೆನ್ಸ್. ಮೋಸ ಅಂದುಕೊಂಡೆ. ಮೋಸ ಏನಿಲ್ಲ, 80ನ್ನು 52 ವಾರಕ್ಕೆ ಗುಣಿಸಿ 12ರಿಂದ ಭಾಗಿಸಿದರೆ ಬರುವುದು ಅಷ್ಟೇ. ವರ್ಷಕ್ಕೆ ಲೆಕ್ಕ ಹಾಕಿದರೆ ನಾನು ಅಂದುಕೊಂಡದ್ದಕ್ಕಿಂತ ಸರಿಯಾಗಿ 320 ಪೌಂಡ್ ಜಾಸ್ತಿ, ಅಂದರೆ ಹದಿಮೂರನೇ ತಿಂಗಳು. ಕರೆಂಟು, ಗ್ಯಾಸು ಇದರ ಮೇಲೆ. ಕೌನ್ಸಿಲ್ ಟ್ಯಾಕ್ಸ್ ಅಂದರೆ ನಮ್ಮ ಕಂದಾಯ. ನಮ್ಮಲ್ಲಿ ಅದು ಓನರ್ ತಲೆನೋವು, ಅಲ್ಲಿ ಮನೆಯಲ್ಲಿ ಇರುವವರದ್ದು. ಮನೆಯಲ್ಲಿರುವ ಎಲ್ಲರೂ ಪೂರ್ಣಾವಧಿ ವಿದ್ಯಾರ್ಥಿಗಳಾದರೆ ಮಾಫಿ. ವಿದ್ಯಾರ್ಥಿಗಳು ಅಂತ ತೋರಿಸುವ ಒಂದು ಕಾಗದವನ್ನು ಕೌನ್ಸಿಲ್‌ಗೆ, ಅಂದರೆ ಅಲ್ಲಿನ ನಗರಸಭೆಗೆ, ಕೊಡುವುದನ್ನು ಮಾತ್ರ ಮರೆಯಬಾರದು.

ಗ್ಯಾರಂಟರ್ ವಿಷಯ ಬಂದಾಗ ಅಪ್ಪ ಒಂದು ಕ್ಷಣವೂ ಯೋಚಿಸಲಿಲ್ಲ. ಜೀವನಪೂರ್ತಿ "ಯಾರಿಗೂ ಜಾಮೀನು ಹಾಕಬಾರದು" ಅಂತ ನಮಗೆ ಹೇಳಿಕೊಡುತ್ತಾ ಬಂದವರು. ಸೊಸೈಟಿ ಸಾಲಕ್ಕೆ ಗೆಳೆಯನಿಗೆ ಜಾಮೀನು ಹಾಕಿ ಕೈ ಸುಟ್ಟುಕೊಂಡವರು. "ನಾನೇ ಹಾಕ್ತೀನಿ ಕಣಮ್ಮ. ಪಹಣಿ ಕಳಿಸ್ಲಾ? ಪೆನ್ಷನ್ ಪಾಸ್‌ಬುಕ್ ಸಾಕಾ?" ಮನೆ ಕೊಡಿಸುವ ಏಜೆನ್ಸಿಯವರಿಗೆ ಪಹಣಿ ಬೇಡ. ಅವರಿಗೆ ಬೇಕಾದದ್ದು ಬ್ರಿಟನ್ನಿನಲ್ಲೇ ಇರುವ, ಅಲ್ಲೇ ಸಂಪಾದಿಸುವ ಜಾಮೀನುದಾರ. ಇಲ್ಲವಾದರೆ ಆರು ತಿಂಗಳ ಬಾಡಿಗೆ ಒಟ್ಟಿಗೆ ಕಟ್ಟು. ಮೂರು ಎಕರೆ ತೆಂಗಿನ ತೋಟ ಇರುವ ಮನುಷ್ಯನ ಸಹಿಗೆ ಲೀಡ್ಸ್‌ನಲ್ಲಿ ಬೆಲೆ ಇಲ್ಲ ಅಂತ ಅಪ್ಪನಿಗೆ ಹೇಳಲು ನನಗೆ ಬಾಯಿ ಬರಲಿಲ್ಲ. "ಬೇಡವಂತೆ ಅಪ್ಪ, ಸುಮ್ನೆ ಕೇಳಿದ್ದಂತೆ" ಅಂದು, ಸ್ಕಾಲರ್‌ಶಿಪ್ಪಿನ ದುಡ್ಡಿಗೆ ಒಂದಿಷ್ಟು ಸಾಲ ಸೇರಿಸಿ ಕಟ್ಟಿದೆ. ಈಗ ಕಾಲ ಬದಲಾಗಿದೆ. ಇಂಗ್ಲೆಂಡಿನಲ್ಲಿ 2025ರಲ್ಲಿ ಆದ ಬಾಡಿಗೆದಾರರ ಕಾಯ್ದೆಯ ಪ್ರಕಾರ 2026ರ ಮೇ 1ರಿಂದ ಇಂಥ ಖಾಸಗಿ ಮನೆಗಳಿಗೆ ಒಂದು ತಿಂಗಳಿಗಿಂತ ಜಾಸ್ತಿ ಬಾಡಿಗೆ ಮುಂಗಡ ಕೇಳುವಂತಿಲ್ಲ. ವಿಶ್ವವಿದ್ಯಾಲಯದ ಹಾಲ್‌ಗಳ ಲೆಕ್ಕ ಬೇರೆ.

ಅದೇ ಕರಾರಿನಲ್ಲಿ "ಜಾಯಿಂಟ್ಲಿ ಅಂಡ್ ಸೆವೆರಲಿ" ಅಂತ ಮೂರು ಕಡೆ ಇತ್ತು. ನಮ್ಮ ಪತ್ರಬರಹಗಾರರು "ಜಂಟಿಯಾಗಿಯೂ ಪ್ರತ್ಯೇಕವಾಗಿಯೂ" ಅಂತ ಬರೆಯುವುದು ಇದನ್ನೇ. ಸೆವೆರಲ್ ಅಂದರೆ ಹಲವು ಅಂತ ನಾಲ್ಕನೇ ಕ್ಲಾಸಿನಲ್ಲಿ ಕಲಿತದ್ದು. ಹಲವು ಜನ ಸೇರಿ ಕೊಡುತ್ತೇವೆ, ಸರಿ ಅಂತ ಸಹಿ ಹಾಕಿದೆ. ಅದರ ಅರ್ಥ ಫೆಬ್ರವರಿಯಲ್ಲಿ ತಿಳಿಯಿತು. ಐವರಲ್ಲಿ ಒಬ್ಬಳು ಓದು ಬಿಟ್ಟು ಊರಿಗೆ ಹೋದಳು. ಅವಳ ವಾರದ 80 ಪೌಂಡನ್ನು ಏಜೆನ್ಸಿ ಉಳಿದ ನಾಲ್ವರ ಹತ್ತಿರ ಕೇಳಿತು. ಕಾನೂನಿನಂತೆ ನಮ್ಮಲ್ಲಿ ಒಬ್ಬಳ ಹತ್ತಿರವೇ ಪೂರ್ತಿ ವಸೂಲಿ ಮಾಡಬಹುದಿತ್ತಂತೆ. ಬೇರೆ ಹುಡುಗಿ ಸಿಗುವವರೆಗೆ ಏಳು ವಾರ ತಲಾ 20 ಪೌಂಡ್ ಹಾಕಿದೆವು. ಬಿಟ್ಟು ಹೋದವಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವಳು ಹೋಗುವ ಹಿಂದಿನ ರಾತ್ರಿ ಅಡುಗೆಮನೆಯಲ್ಲಿ ಕೂತು ಅತ್ತದ್ದು ಗೊತ್ತಿತ್ತು. ಸಿಟ್ಟು ಬಂದದ್ದು ನಾಲ್ಕನೇ ಕ್ಲಾಸಿನ ಆ ಪದದ ಮೇಲೆ.

ಅಮೆರಿಕದ ಕಡೆ ಹೋದವರ ಪಾಡು ಬೇರೆ. ಚಿಕ್ಕಪ್ಪನ ಮಗ ಡಲ್ಲಾಸ್‌ನಲ್ಲಿ ಓದುವಾಗ "ಲೀಸ್ ಸೈನ್ ಮಾಡಿದೆ" ಅಂತ ಫೋನಿನಲ್ಲಿ ಹೇಳಿದ. ಅಲ್ಲಿ ಲೀಸ್ ಅಂದರೆ ಬರೀ ಬಾಡಿಗೆ ಕರಾರು. ಚಿಕ್ಕಪ್ಪ ಬೆಂಗಳೂರಿನವರು. ಅವರಿಗೆ ಲೀಸ್ ಅಂದರೆ ಭೋಗ್ಯ. ಒಂದಿಷ್ಟು ಲಕ್ಷ ಒಟ್ಟಿಗೆ ಕೊಟ್ಟು, ಬಾಡಿಗೆ ಇಲ್ಲದೆ ಎರಡು ಮೂರು ವರ್ಷ ಇದ್ದು, ಬಿಡುವಾಗ ದುಡ್ಡು ವಾಪಸ್ ತೆಗೆದುಕೊಳ್ಳುವುದು. "ಅಷ್ಟು ದುಡ್ಡು ಎಲ್ಲಿಂದ ತಂದ್ಯೋ, ನನ್ನ ಒಂದು ಮಾತೂ ಕೇಳದೆ?" ಅಂತ ಅವರು ಕೂಗಾಡಿದ್ದು ನಮ್ಮ ಮನೆಯಲ್ಲಿ ಇವತ್ತಿಗೂ ಮದುವೆ ಮುಂಜಿಗಳಲ್ಲಿ ಹೇಳುವ ಕಥೆ.

ಇನ್ನು ಡೆಪಾಸಿಟ್. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಕಂಡವರಿಗೆ ಅಲ್ಲಿನದು ಚಿಲ್ಲರೆ ಅನ್ನಿಸುತ್ತದೆ. 2019ರ ಜೂನ್ 1ರಿಂದ ಇಂಗ್ಲೆಂಡಿನಲ್ಲಿ ಸಾಮಾನ್ಯ ಬಾಡಿಗೆ ಮನೆಗಳಿಗೆ ಐದು ವಾರದ ಬಾಡಿಗೆಗಿಂತ ಜಾಸ್ತಿ ಡೆಪಾಸಿಟ್ ಹಿಡಿಯುವಂತಿಲ್ಲ. ಹೋಲ್ಡಿಂಗ್ ಡೆಪಾಸಿಟ್ ಅಂತ ಬೇರೆ ಒಂದಿದೆ, ಅದು ನಮ್ಮ ಟೋಕನ್ ಅಡ್ವಾನ್ಸ್. ಅದು ಒಂದು ವಾರದ ಬಾಡಿಗೆ ದಾಟುವಂತಿಲ್ಲ. ಓನರ್ ಡೆಪಾಸಿಟ್ಟನ್ನು ಯಾರಿಗೂ ಹೇಳದೆ ತನ್ನ ಜೇಬಿನಲ್ಲೇ ಇಟ್ಟುಕೊಂಡು ಕೂರುವ ಹಾಗೂ ಇಲ್ಲ. ಸರ್ಕಾರ ಒಪ್ಪಿದ ಮೂರು ಯೋಜನೆಗಳಲ್ಲಿ ಒಂದರಲ್ಲಿ 30 ದಿನದೊಳಗೆ ಅದನ್ನು ನೋಂದಾಯಿಸಬೇಕು. ನೋಂದಾಯಿಸಬೇಕು ಅನ್ನುವ ನಿಯಮ 2007ರಿಂದ ಇದೆ, 30 ದಿನದ ಗಡುವು ಆಮೇಲೆ ಬಂದದ್ದು. ಇದನ್ನು ಕೇಳಿದಾಗಲೆಲ್ಲ ವಿಜಯನಗರದಲ್ಲಿ ನನ್ನ ಗೆಳತಿಯ ಓನರ್ ಗೋಡೆ ಮೇಲೆ ಬೆರಳೆಳೆದು ನೋಡಿ "ಪೇಂಟಿಂಗ್‌ಗೆ ಒಂದು ತಿಂಗಳು ಹಿಡ್ಕೋತೀನಿ" ಅಂದದ್ದು ನೆನಪಾಗುತ್ತದೆ. ಲೆಕ್ಕ ಅಲ್ಲಿಗೆ ಮುಗಿಯಿತು. ಯಾರನ್ನು ಕೇಳುವುದು?

ಲೀಡ್ಸ್‌ನಲ್ಲಿ ಬೆರಳಿಲ್ಲ, ಇನ್ವೆಂಟರಿ ಇದೆ. ಮನೆಗೆ ಹೋಗುವಾಗ ಹನ್ನೊಂದು ಪುಟದ ಪಟ್ಟಿಗೆ ಸಹಿ. ಗೋಡೆ, ಬಾಗಿಲು, ಕಾರ್ಪೆಟ್ಟು, ಪರದೆ, ಪ್ರತಿಯೊಂದಕ್ಕೂ ಒಂದು ಗಾಯದ ಹೆಸರು. ಉಜ್ಜಿದ್ದರೆ ಸ್ಕಫ್, ಚೂರು ಎದ್ದಿದ್ದರೆ ಚಿಪ್, ಗೀಚಿದ್ದರೆ ಸ್ಕ್ರ್ಯಾಚ್, ತಗ್ಗು ಬಿದ್ದಿದ್ದರೆ ಡೆಂಟ್, ಕರೆಯಾದರೆ ಸ್ಟೇನ್. ದಿನ ಬಳಸಿ ಸವೆದದ್ದಕ್ಕೆ ಫೇರ್ ವೇರ್ ಅಂಡ್ ಟೇರ್. ಕನ್ನಡದ ಸವಕಳಿ ಅನ್ನುವ ಒಂದೇ ಪದದಲ್ಲಿ ಮುಗಿಯುತ್ತದೆ. ಸವಕಳಿಗೆ ದುಡ್ಡು ಹಿಡಿಯುವಂತಿಲ್ಲ.

2019ರಲ್ಲಿ ಮನೆ ಬಿಟ್ಟಾಗ ಬಂದ ವರದಿಯಲ್ಲಿ ಒಂದು ಸಾಲು: ಹಾಬ್ ಪಕ್ಕದ ಅಡುಗೆಕಟ್ಟೆಯ ಮೇಲೆ ಹಳದಿ ಕರೆ. 95 ಪೌಂಡ್ ಕಡಿತ. ಅದು ನನ್ನ ಅರಿಶಿನ. ಉಳಿದ ನಾಲ್ವರೂ ನನ್ನ ಕಡೆ ನೋಡಿದರು, ಬೇರೆ ಯಾರ ಕಡೆ ನೋಡುತ್ತಾರೆ ಪಾಪ. ಬಣ್ಣದ ರಸಾಯನಶಾಸ್ತ್ರದಲ್ಲಿ ಪಿಎಚ್‌.ಡಿ. ಮಾಡಿದವಳಿಗೆ ಅರಿಶಿನದ ಕರ್ಕ್ಯುಮಿನ್ ಬಿಸಿಲಿಗೆ ನಿಲ್ಲುವುದಿಲ್ಲ ಅಂತ ಗೊತ್ತಿಲ್ಲದೆ ಇಲ್ಲ. ನಮ್ಮ ಹಿತ್ತಿಲಿನಲ್ಲಿ ಅರಿಶಿನ ಬಿದ್ದ ಬಟ್ಟೆಯನ್ನು ಒಗೆದು ಎರಡು ದಿನ ಬಿಸಿಲಿಗೆ ಹಾಕಿದರೆ ಕರೆ ಮಾಯ. ಆದರೆ ಅಡುಗೆಕಟ್ಟೆಯನ್ನು ಹಗ್ಗಕ್ಕೆ ಹಾಕುವುದು ಹೇಗೆ? ಹಾಕಿದರೂ ಲೀಡ್ಸ್‌ನಲ್ಲಿ ಬಿಸಿಲೆಲ್ಲಿ?

ತಪ್ಪು ನನ್ನದೇ, ಕೊಟ್ಟುಬಿಡೋಣ ಅಂದುಕೊಂಡೆ. ಗ್ರೀಸ್ ಹುಡುಗಿ ಬಿಡಲಿಲ್ಲ. ಒಲೆ ಹಚ್ಚಲು ಕಲಿಸಿದವಳೇ, ನಮ್ಮ ಜೊತೆ ಮನೆಗೂ ಬಂದಿದ್ದಳು. ಡೆಪಾಸಿಟ್ ಯೋಜನೆಯವರಿಗೆ ತಕರಾರು ಹಾಕಿಸಿದಳು. ಅದಕ್ಕೆ ಫೀಸಿಲ್ಲ, ಕೋರ್ಟಿಲ್ಲ, ಫೋಟೋ ಮತ್ತು ಕಾಗದ ಕಳಿಸಿದರೆ ಸಾಕು. ಕೆಲವು ವಾರ ಬಿಟ್ಟು ತೀರ್ಪು ಬಂತು. ಅಡುಗೆಕಟ್ಟೆಗೆ ಆಗಲೇ ಒಂಬತ್ತು ವರ್ಷ ಆಗಿತ್ತು. ಹಳೆಯದಕ್ಕೆ ಹೊಸದರ ಬೆಲೆ ಕೇಳಿದರೆ ಅದು ಬೆಟರ್‌ಮೆಂಟ್, ಹಾಗೆ ಕೊಡಲು ಬರುವುದಿಲ್ಲ ಅಂತ ಬರೆದಿದ್ದರು. ನನಗೆ ಬೆಟರ್‌ಮೆಂಟ್ ಅಂದರೆ ಬಿ ಖಾತಾದವರು ಕಟ್ಟುವ ಬೆಟರ್‌ಮೆಂಟ್ ಚಾರ್ಜ್, ಅಂದರೆ ಜೇಬಿನಿಂದ ದುಡ್ಡು ಹೋಗುವ ಪದ. ಜೇಬಿಗೆ ದುಡ್ಡು ತಂದುಕೊಟ್ಟದ್ದು ಅದೇ ಮೊದಲು. 75 ಪೌಂಡ್ ವಾಪಸ್ ಬಂತು.

ಇದನ್ನೆಲ್ಲ ನಿನ್ನೆ ರಾತ್ರಿ ಅಕ್ಕನ ಮಗಳಿಗೆ ವಿಡಿಯೋ ಕಾಲ್‌ನಲ್ಲಿ ಹೇಳುತ್ತಾ ಕೂತಿದ್ದೆ. ಅವಳು ನಗುತ್ತಿದ್ದಳು. ಅಕ್ಕ ಹಿಂದಿನಿಂದ ಬಂದು, "ನಿನ್ನ ಹಾಗೆ ನಾವೇನು ಮೋಸ ಹೋಗಲ್ಲ ಕಣೇ, ನೋಡಿಲ್ಲಿ" ಅಂತ ಸೂಟ್‌ಕೇಸ್ ತೋರಿಸಿದಳು. ಮಧ್ಯದಲ್ಲಿ ಹೊಸ ಕುಕ್ಕರ್. ಒಳಗೆ ಪ್ಲಾಸ್ಟಿಕ್ ಕವರಿನಲ್ಲಿ ಸಾರಿನಪುಡಿ, ಸಂದಿಯಲ್ಲಿ ಸಾಕ್ಸು, ವಿಷಲ್ ಬೇರೆ ಕರ್ಚೀಫಿನಲ್ಲಿ ಸುತ್ತಿ, ಜೊತೆಗೆ ಎರಡು ಗ್ಯಾಸ್ಕೆಟ್.

"ಅಲ್ಲಿ ಹಾಬ್ ಯಾವುದು ಅಂತ ಪಟ್ಟಿಯಲ್ಲಿ ನೋಡಿದ್ಯಾ?" ಅಂತ ಅವಳನ್ನು ಕೇಳಿದೆ.

ಫೋನಿನಲ್ಲೇ ಪಿಡಿಎಫ್ ತೆಗೆದು ನೋಡಿದಳು. "ಇಂಡಕ್ಷನ್ ಅಂತಿದೆ ಚಿಕ್ಕಿ. ನಮ್ಮನೇಲಿ ಹಾಲು ಕಾಯಿಸೋಕೆ ಇದೆಯಲ್ಲ, ಅದೇ ತಾನೆ?"

"ಅದೇ. ಅದರ ಮೇಲೆ ಮ್ಯಾಗ್ನೆಟ್ ಅಂಟೋ ಪಾತ್ರೆ ಮಾತ್ರ ಬಿಸಿಯಾಗೋದು. ಕುಕ್ಕರ್ ಅಲ್ಯೂಮಿನಿಯಮ್ದಾ?"

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಅಕ್ಕ ಎದ್ದು ಹೋಗಿ ಫ್ರಿಜ್ಜಿನ ಬಾಗಿಲಿಂದ ಧರ್ಮಸ್ಥಳದ ಮ್ಯಾಗ್ನೆಟ್ ಕಿತ್ತು ತಂದಳು. ಸಾರಿನಪುಡಿ, ಸಾಕ್ಸು ಎಲ್ಲ ಮಂಚದ ಮೇಲೆ ಸುರಿದು, ಕುಕ್ಕರ್ ಮಗುಚಿ ಹಿಡಿದು, ತಳಕ್ಕೆ ಮ್ಯಾಗ್ನೆಟ್ ಒತ್ತಿ ಕೈ ಬಿಟ್ಟಳು. ಅದು ಜಾರಿ ಕೆಳಗೆ ಬಿತ್ತು. ಇನ್ನೊಂದು ಸಲ ಒತ್ತಿದಳು.